ಹಿಂದುಳಿದ ಬೀದಿ

ಬೆಂಗಳೂರಿನ ಪುಟ್ಟೇನಹಳ್ಳಿಯ ಬೈಲಪ್ಪನ ಹಿಟ್ಟಿನ ಮಿಲ್ಲಿನಲ್ಲಿ ಮೋಟರು ಸುಟ್ಟು ಹದಿನೈದು ದಿನವಾಗಿತ್ತು. ಹೊಸದು ಹಾಕಿಸದಿದ್ದರೆ ಬಾಗಿಲಿಗೆ ಬೀಗವೇ ಗತಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಯಂತ್ರದ ಅರ್ಧ ಬೆಲೆ ಸಹಾಯಧನ ಕೊಡುತ್ತದೆಂದು ಯಾರೋ ಹೇಳಿದರು. ಕಚೇರಿಗೆ ಹೋಗಿ ವಿಚಾರಿಸಿದರೆ, ಅದು ಹಿಂದುಳಿದ ಪ್ರದೇಶಕ್ಕೆ ಮಾತ್ರ, ಬೆಂಗಳೂರಿಗಿಲ್ಲ ಎಂದರು.

ಬೈಲಪ್ಪ ವಾದ ಮಾಡುವವನಲ್ಲ. ಮೂರು ದಿನ ಬೆಂಚಿನ ಮೇಲೆ ಸುಮ್ಮನೆ ಕೂತ. ನಾಲ್ಕನೆಯ ದಿನ ವೇಣು ಎಂಬ ಅಧಿಕಾರಿ ಕನಿಕರವೋ ಬೇಸರವೋ ಬಂದು ಒಳಗೆ ಕರೆದರು. ತಮ್ಮ ಬೀದಿ ಹುರುಳಿ ಹೊಲವಾಗಿದ್ದ ಕಾಲವೇ ವಾಸಿ, ಆಗ ಎತ್ತಿನಗಾಡಿಯಾದರೂ ಓಡುತ್ತಿತ್ತು, ಈಗ ರಸ್ತೆ ತುಂಬ ಗುಂಡಿ ಎಂದು ಬೈಲಪ್ಪ ನೆನೆಸಿಕೊಂಡು ಹೇಳಿದ. ವೇಣು ಯೋಚಿಸಿ, ಅರ್ಜಿ ತೆಗೆದುಕೊಂಡು, ಸೋಮವಾರ ಬಂದು ಗುಂಡಿ ಅಳೆದು ಬೀದಿಯನ್ನು ಹಿಂದುಳಿದದ್ದೆಂದು ಬರೆಯಬಹುದೇ ನೋಡುವುದಾಗಿ ಹೇಳಿದರು.

ಸುದ್ದಿ ಬೀದಿಗೆ ಮುಟ್ಟಿತು. ನಿವಾಸಿಗಳ ಸಂಘದ ಅಧ್ಯಕ್ಷೆ ಸುಧಾಮಣಿ ಮಿಲ್ಲಿನ ಬಾಗಿಲಿಗೇ ಬಂದರು.

“ನೀವು ಹಿಂದುಳಿದ್ರೆ ಉಳ್ಕೊಳ್ಳಿ ಬೈಲಪ್ಪ. ನಮ್ಮನ್ಯಾಕೆ ಎಳೀತೀರಿ? ಸೈಟ್ ರೇಟು ಏನಾಗ್ಬೇಕು?”

“ಮೋಟರ್ ಬರೋವರ್ಗೂ ಹಿಂದುಳಿದಿರಾಣ ಮೇಡಂ. ಆಮೇಲೆ ಎಲ್ರೂ ಮುಂದುವರಿಯಾಣ.”

ಭಾನುವಾರ ಬೆಳಿಗ್ಗೆ ಇಡೀ ಬೀದಿಯ ಜನ ರಸ್ತೆಗಿಳಿದರು. ಹತ್ತು ವರ್ಷ ಅರ್ಜಿ ಕೊಟ್ಟರೂ ಮುಚ್ಚದ ಗುಂಡಿಗಳಿಗೆ ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಮಂಡಿನೋವಿನವರು ಎಲ್ಲ ಸೇರಿ ಜಲ್ಲಿ, ಸಿಮೆಂಟು ಸುರಿದರು. ಒಂದೇ ಒಂದು ಗುಂಡಿಯನ್ನಾದರೂ ಉಳಿಸಿಕೊಳ್ಳೋಣವೆಂದು ಬೈಲಪ್ಪ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂತ. ಅವನಿಗೆ ಕಾಫಿ ಕೊಟ್ಟು, ಕುಡಿಯುತ್ತಿರುವಾಗಲೇ ಕುರ್ಚಿ ಸಮೇತ ಎತ್ತಿ ಆಚೆಗಿಟ್ಟು, ಅದನ್ನೂ ಮುಚ್ಚಿ ಮೇಲೊಂದು ರಂಗೋಲಿ ಬಿಟ್ಟರು.

ಸೋಮವಾರ ವೇಣು ಟೇಪು ಹಿಡಿದು ಬೀದಿಯುದ್ದಕ್ಕೂ ಎರಡು ಸಲ ನಡೆದರು.

“ಇಂಥಾ ರೋಡಲ್ಲಿ ಹಿಂದುಳಿಯೋದು ಕಷ್ಟ, ಯಜಮಾನ್ರೇ,” ಎಂದು ಅರ್ಜಿ ವಾಪಸು ಕೊಟ್ಟರು.

ಮಿಲ್ಲಿಗೆ ಬೀಗ ಬಿತ್ತು. ಬೀದಿಯವರು ಹತ್ತಿರದ ಗೊಟ್ಟಿಗೆರೆಯ ಮಿಲ್ಲಿಗೆ ಹೋಗತೊಡಗಿದರು. ಒಂದು ಬೆಳಿಗ್ಗೆ ಸುಧಾಮಣಿ ಬೈಲಪ್ಪನ ಮನೆ ಮುಂದೆ ಸ್ಕೂಟರು ನಿಲ್ಲಿಸಿ, ರಸ್ತೆ ಈಗ ಎಷ್ಟು ಚೆನ್ನಾಗಿದೆಯೆಂದರೆ ಕಾಲು ಗಂಟೆಯಲ್ಲಿ ಹೋಗಿಬರಬಹುದು ಎಂದು ಹೊಗಳಿ, ನಿಮ್ಮದೇನಾದರೂ ಹಿಟ್ಟು ಮಾಡಿಸುವುದಿದೆಯೇ ಎಂದು ಕೇಳಿದರು.

ಮನೆಯಲ್ಲಿ ಮುದ್ದೆಗೆ ಹಿಟ್ಟು ತೀರಿ ಎರಡು ದಿನವಾಗಿತ್ತು. ಬೈಲಪ್ಪ ಒಳಗೆ ಹೋಗಿ ರಾಗಿಯ ಡಬ್ಬ ತಂದು ಸ್ಕೂಟರಿನಲ್ಲಿಟ್ಟ.

“ನುಣ್ಣಗೆ ಮಾಡ್ಬೇಕು ಅಂತ ಹೇಳಿ ಮೇಡಂ,” ಎಂದ. “ಅವ್ರು ಒಸಿ ತರಿ ಬಿಡ್ತಾರೆ.”