ಚಾಯ್ಸಿಗೆ ಬಿಟ್ಟ ಐರ್ಲೆಂಡು

ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದವಳು. ಇಂಗ್ಲೆಂಡಿನ ಇತಿಹಾಸದಲ್ಲಿ ಅರವತ್ತೆಂಟು ಅಂಕ. ಐರ್ಲೆಂಡಿನ ಅಧ್ಯಾಯವನ್ನು ಚಾಯ್ಸಿಗೆ ಬಿಟ್ಟಿದ್ದೆ. ಹತ್ತು ವರ್ಷಗಳ ಮೇಲೆ ಅದು, ಇಂಗ್ಲೆಂಡಿನಿಂದಲೂ ಸಾಗರದಾಚೆ ಇರುವ ಸ್ಟ್ರೀಟ್ಸ್‌ವಿಲ್ ಊರಿನಲ್ಲಿ, ಪಕ್ಕದ ಮನೆಯ ನೊರೀನಳ ಎಪ್ಪತ್ತನೆಯ ಹುಟ್ಟುಹಬ್ಬದ ದಿನ, ಕಡ್ಡಾಯ ಪ್ರಶ್ನೆಯಾಗಿ ಬಂತು.

ಫೆಬ್ರವರಿಯಲ್ಲಿ ನನ್ನ ಗಂಡ ಆಕಾಶ ತೀರಿಕೊಂಡಾಗ ಬಂದವರೆಲ್ಲ, ಹಿಂದೂಗಳು ತಾನೇ, ಸುಡುವುದೇ ಎಂದು ತೀರ್ಮಾನಿಸಿದ್ದರು. ಫಾರ್ಮಿನಲ್ಲೂ ಹಾಗೇ ಬರೆದಾಗಿತ್ತು. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನೊರೀನ್ ಒಬ್ಬಳೇ ಪಕ್ಕ ಕೂತು, "ನಿಮ್ಮ ಮನೆಯ ಪದ್ಧತಿ ಏನು?" ಎಂದು ಕೇಳಿದಳು. ಲಿಂಗಾಯತರು, ನಮ್ಮಲ್ಲಿ ಮಣ್ಣು ಮಾಡುತ್ತಾರೆ ಎಂದೆ. ಎದ್ದು ಹೋಗಿ ಆ ಫಾರ್ಮು ಹರಿದುಹಾಕಿಸಿ ಹೊಸದು ಬರೆಸಿದಳು.

ಅಂದಿನಿಂದ ಪ್ರತಿ ಭಾನುವಾರ ಅವಳೇ ತನ್ನ ಕಾರಿನಲ್ಲಿ ನನ್ನನ್ನು ಸಮಾಧಿಗೆ ಕರೆದೊಯ್ಯುತ್ತಿದ್ದಳು. ಬೇರೆ ಯಾರ ಜೊತೆಗೂ ನನಗೆ ಅಲ್ಲಿಗೆ ಹೋಗಲಾಗುತ್ತಿರಲಿಲ್ಲ.

ಅಂಥವಳಿಗೆ ನಾನು ಕೊಟ್ಟ ಉಡುಗೊರೆ: ಬ್ರಿಟಿಷ್ ಬಾವುಟದ ಟೀಪಾಟು, ಅದೇ ಬಾವುಟದ ಆರು ಕಪ್ಪು. ಕಾರ್ಡಿನಲ್ಲಿ, ನನ್ನ ದುಂಡನೆಯ ಅಕ್ಷರದಲ್ಲಿ, 'ನಾನು ಕಂಡ ಅತ್ಯುತ್ತಮ ಇಂಗ್ಲಿಷ್ ಮಹಿಳೆಗೆ'. ತಾನು ಕಾರ್ಕ್‌ನವಳೆಂದು ಅವಳು ಹತ್ತು ಸಲ ಹೇಳಿದ್ದಳು. ಅದು ಲಂಡನ್ನಿನಾಚೆ ಎಲ್ಲೋ ಇರಬೇಕೆಂದುಕೊಂಡಿದ್ದೆ.

ಕಾರ್ಡು ಓದಿ, ಥ್ಯಾಂಕ್ಸ್ ಹೇಳಿ, ಡಬ್ಬಿ ಮುಚ್ಚಿದಳು. ಆ ಭಾನುವಾರ ಹಾರ್ನ್ ಕೇಳಿಸಲಿಲ್ಲ.

ಹನ್ನೊಂದರವರೆಗೂ ಸೇವಂತಿಗೆ ಹಿಡಿದು ನಿಂತೆ. ನಿಂತಲ್ಲೇ ಫೋನಿನಲ್ಲಿ ಕಾರ್ಕ್ ಎಲ್ಲಿದೆಯೆಂದು ನೋಡಿದೆ. ಐರ್ಲೆಂಡಿನಲ್ಲಿತ್ತು. ನಾಚಿಕೆಯಾಗಬೇಕಿತ್ತು. ಆಕಾಶ ಹೋದಂದಿನಿಂದ ನನಗೆ ಏನೂ ಆಗುತ್ತಿರಲಿಲ್ಲ. ಆಗಬೇಕಿತ್ತು ಎಂದು ಗೊತ್ತಾಗುತ್ತಿತ್ತು, ಅಷ್ಟೆ. ಹೋಗಿ ಅವಳ ಬಾಗಿಲು ತಟ್ಟಿದೆ.

"ಐರ್ಲೆಂಡ್ ಬೇರೆ ದೇಶ," ಎಂದೆ.

"ಆ ಬಾವುಟ ಇಳಿಸಿ ನೂರು ವರ್ಷವಾಯಿತು. ನಿನಗೆ ಈಗ ಸುದ್ದಿ ಮುಟ್ಟಿತೇ?"

"ಸಾರಿ ನೊರೀನ್. ನಾನು ಇತಿಹಾಸದಲ್ಲಿ ಫಸ್ಟ್ ಕ್ಲಾಸು."

"ಯಾರ ಇತಿಹಾಸದಲ್ಲಿ?"

ಸೇವಂತಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

"ನಮ್ಮಪ್ಪ ಇದ್ದಿದ್ದರೆ ಆ ಟೀಪಾಟಿನ ಜೊತೆ ನಿನ್ನನ್ನೂ ಬೀದಿಗೆ ಎಸೆಯುತ್ತಿದ್ದ."

ಅಲ್ಲಿಗೆ ಸುಮ್ಮನಾಗಬೇಕಿತ್ತು. ವಿದ್ಯಾವಂತೆಯಲ್ಲವೇ, ವಿವರಿಸಿದೆ. "ಪಕ್ಕಪಕ್ಕದ ದ್ವೀಪ, ಒಂದೇ ಮಾತು, ಒಂದೇ ಚಹಾ... ಎಲ್ಲ ಒಂದೇ ಅಂದುಕೊಂಡೆ."

ನೊರೀನ್ ನನ್ನನ್ನೇ ನೋಡಿದಳು. "ಸರಿ, ನೋಡು ರಾಜಿ. ನೀನು ಬೆಳಗಾವಿಯವಳು, ಗಡಿಯ ಊರು ಅಂದಿದ್ದೆ. ಅಂದರೆ ಮರಾಠಿ. ಪಕ್ಕದ್ದೇ ತಾನೇ, ಎಲ್ಲ ಒಂದೇ."

"ಯಾರಂದ್ರು ಮರಾಠಿ ಅಂತ?" ಕಿರುಚಿಬಿಟ್ಟೆ. ಅದೂ ಕನ್ನಡದಲ್ಲಿ. "ನಾವು ಕನ್ನಡದಾವ್ರು! ನಮ್ಮ ಮುತ್ತಜ್ಜನ ಕಾಲದಿಂದ ಕನ್ನಡದಾವ್ರು! ಏನ್ ತಿಳ್ಕೊಂಡೀ ನೀ?"

ಎದುರು ಮನೆಯಲ್ಲಿ ಎಲೆ ಗುಡಿಸುತ್ತಿದ್ದವನು ಕೈ ನಿಲ್ಲಿಸಿದ. ಎಂಟು ತಿಂಗಳಲ್ಲಿ ನನ್ನ ದನಿ ಬೀದಿಗೆ ಕೇಳಿದ್ದು ಅದೇ ಮೊದಲು. ಹೂವೆಲ್ಲ ಮೆಟ್ಟಿಲ ಮೇಲೆ ಚೆಲ್ಲಿದ್ದವು.

ನೊರೀನ್ ಬಗ್ಗಿ ಒಂದೊಂದಾಗಿ ಆರಿಸಿ ನನ್ನ ಕೈಗಿತ್ತಳು.

"ನನಗೂ ಅಷ್ಟೇ ಆದದ್ದು," ಎಂದಳು. "ಕಾರು ಹತ್ತು."

ದಾರಿಯಲ್ಲಿ, ವೇಲ್ಸಿನವರಾದರೂ ಇಂಗ್ಲಿಷರೇ ಅಲ್ಲವೇ ಎಂದು ಕೇಳಬೇಕೆನಿಸಿತು. ಆ ಅಧ್ಯಾಯವೂ ಚಾಯ್ಸಿಗೇ ಹೋಗಿತ್ತು. ಆಕಾಶನವರೆಗೆ ಇನ್ನೂ ಹತ್ತು ನಿಮಿಷದ ದಾರಿಯಿತ್ತು. ಬಾಯಿ ಮುಚ್ಚಿಕೊಂಡು ಕೂತೆ.