ಹಸಿ ಕೈ

ಚಿಮಟದ ತುದಿಗೆ ಸಿಕ್ಕಿದ್ದನ್ನು ಅಂಬಾದಾಸ ದೀಪದ ಬೆಳಕಿಗೆ ಹಿಡಿದು ನೋಡಿ, ಕೌಂಟರಿನ ಮೇಲೆ ಹಾಸಿದ್ದ ಬಿಳಿ ಕಾಗದಕ್ಕೆ ಉದುರಿಸಿದ. ಅರ್ಧ ಅಕ್ಕಿಕಾಳು. ಒಂದು ಬದಿ ಬಿಳಿ, ಇನ್ನೊಂದು ಬದಿ ಕುಂಕುಮ ಹತ್ತಿ ಕೆಂಪಾಗಿತ್ತು. ಟ್ಯಾಬಿನ ಚಾರ್ಜರ್ ಸಿಕ್ಕಿಸುವ ಸಣ್ಣ ಬಾಯೊಳಗೆ ಮತ್ತೆ ಸೂಜಿ ಹಾಕಿ ಕೆರೆದಾಗ ಗಟ್ಟಿಯಾಗಿ ಕೂತಿದ್ದ ವಿಭೂತಿ ಚೂರುಚೂರಾಗಿ ಬಿತ್ತು.

"ನೀರು ಹೋಗಿಲ್ಲಕ್ಕಾ," ಅವನು ತಲೆ ಎತ್ತದೆ ಹೇಳಿದ. "ನೀರು ಹೋಗಿದ್ರ ಒಳಗ ಹಸರು ಹಿಡೀತದ. ಇದು ಸಾಫ್ ಅದ. ಯಾರೋ ಭಾಳ ಭಕ್ತಿಲಿಂದ ಪೂಜಿ ಮಾಡ್ಯಾರ ನೋಡ್ರಿ."

ರಶ್ಮಿ ಕಿಸಕ್ಕೆಂದು ನಕ್ಕಳು. ನಕ್ಕವಳು ತಾಯಿಯ ಮುಖ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಶಿವದೇವಿ ಕಾಗದದ ಮೇಲಿನ ಕಾಳನ್ನೇ ನೋಡುತ್ತಿದ್ದಳು. ಮೆಹದಿಪಟ್ಟಣಂ ಬಸ್ ನಿಲ್ದಾಣದ ಹತ್ತಿರದ ಆ ರಿಪೇರಿ ಅಂಗಡಿಯಲ್ಲಿ ಇಬ್ಬರು ನಿಲ್ಲುವಷ್ಟೇ ಜಾಗ. ಬೀದರ್ ಕಡೆಯವನು, ಕನ್ನಡ ಬರುತ್ತದೆ ಎಂದು ಹುಡುಕಿಕೊಂಡು ಬಂದಿದ್ದರು. ಈಗ ಅವನ ಮಾತು ಅಷ್ಟು ಸಲೀಸಾಗಿ ತಿಳಿದದ್ದೇ ಅವಳಿಗೆ ಸಂಕಟವಾಯಿತು. ಹಿಂದೆ ಮೊಬೈಲಿಗೆ ಗಾಜು ಹಾಕಿಸಲು ನಿಂತಿದ್ದವರಿಗೂ ಕೇಳಿಸಿತೇನೋ ಎಂದು ಸೆರಗು ಎಳೆದುಕೊಂಡಳು.

ಆ ಟ್ಯಾಬ್ ಮನೆಗೆ ಬಂದು ಮೂರು ವರ್ಷ. ಮನೆಮನೆ ತಿರುಗಿ ಪಾಠ ಮಾರುತ್ತಿದ್ದ ಒಂದು ಕಂಪನಿಯವರು ಪಾಠದ ಜೊತೆಗೆ ಅಗ್ಗದಲ್ಲಿ ಕೊಟ್ಟದ್ದು. ತಮ್ಮ ಪಾಠ ಬಿಟ್ಟರೆ ಬೇರೇನೂ ತೆರೆಯದಂತೆ ಅದಕ್ಕೆ ಬೀಗ ಹಾಕಿದ್ದರು. ರಶ್ಮಿಗೆಂದು ಗಣಿತ, ವಿಜ್ಞಾನ ತೆಗೆದುಕೊಂಡಾಗ ಶಿವದೇವಿ ಹಟ ಮಾಡಿ ಕನ್ನಡ ಅಕ್ಷರಗಳ ಪಾಠವನ್ನೂ ಹಾಕಿಸಿದ್ದಳು. ಶಾಲೆಯಲ್ಲಿ ತೆಲುಗು, ಹಿಂದಿ ಕಲಿಯುವ ಮಗಳಿಗೆ ತನ್ನ ಮಾತನ್ನು ಓದಲಿಕ್ಕಾದರೂ ಬರಲಿ ಎಂದು. ರಶ್ಮಿ ಎರಡು ದಿನ ಕೂತು ಕೈಬಿಟ್ಟಳು. ಆಮೇಲೆ ಕಂಪನಿಯೇ ಮುಚ್ಚಿತು. ಇಂಟರ್‌ನೆಟ್ಟಿನಿಂದ ಬರುತ್ತಿದ್ದ ದೊಡ್ಡ ಪಾಠಗಳೆಲ್ಲ ನಿಂತು, ಒಳಗೇ ತುಂಬಿಟ್ಟಿದ್ದ ಅಕ್ಷರಗಳಷ್ಟೇ ಉಳಿದವು.

ಉಳಿದದ್ದನ್ನು ಹಿಡಿದವಳು ಯಂಕಮ್ಮ. ಪಾತ್ರೆ ತಿಕ್ಕಿ ನೆಲ ಒರೆಸಲು ಬರುವ ದೇವದುರ್ಗದ ಕಡೆಯ ಹೆಂಗಸು. ಗಂಡ ಗಾರೆ ಕೆಲಸ, ಮಗ ಹುಸೇನಪ್ಪ ಸೆಂಟ್ರಿಂಗ್ ಕೆಲಸ. ಒಂದು ಸಲ ಊರಿಗೆ ಹೊರಟವಳು ಬಸ್ಸಿನ ಬೋರ್ಡ್ ಓದಲು ಬಾರದೆ, ಯಾರೋ ಹೇಳಿದ್ದನ್ನು ನಂಬಿ ಹತ್ತಿ, ಸಿಂಧನೂರಿನಲ್ಲಿ ಇಳಿದು ಬೆಳಗಿನವರೆಗೆ ನಿಲ್ದಾಣದಲ್ಲಿ ಕೂತಿದ್ದಳಂತೆ. ಅದನ್ನು ನಗುನಗುತ್ತಲೇ ಹೇಳಿದ್ದಳು. ಕೇಳಿದ ಶಿವದೇವಿಯೇ ಟ್ಯಾಬ್ ತಂದು ಅವಳ ಮುಂದೆ ಇಟ್ಟಿದ್ದಳು. ಅಂದಿನಿಂದ ಕೆಲಸ ಮುಗಿದ ಮೇಲೆ ಯಂಕಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ಕಾಲು ಗಂಟೆ ಕೂಡುತ್ತಿದ್ದಳು. ಪರದೆಯ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು. ಸರಿ ತಿದ್ದಿದರೆ ಒಂದು ಹಳದಿ ಚಿಕ್ಕಿ ನಕ್ಷತ್ರದಂತೆ ಹೊಳೆದು ಗಂಟೆಯ ಸದ್ದಾಗುತ್ತಿತ್ತು. ಗಂಟೆ ಕೇಳಿದಾಗಲೆಲ್ಲ ಒಲೆಯ ಮುಂದಿನ ಶಿವದೇವಿ, "ಬಂತೇನ?" ಎನ್ನುತ್ತಿದ್ದಳು. "ಬಂತ್ರಿ ಅಮ್ಮಾರ," ಎನ್ನುತ್ತಿದ್ದಳು ಅವಳು.

ಕಳೆದ ದಸರೆಯಲ್ಲಿ ಖಂಡೇಪೂಜೆಗೆ ಮಿಕ್ಸರ್, ಈಳಿಗೆ, ಗಂಡ ವಿಜಯಕುಮಾರನ ಸ್ಕೂಟರ್ ಕೀಲಿ, ರಶ್ಮಿಯ ಪುಸ್ತಕ ಎಲ್ಲವನ್ನೂ ಮಣೆಯ ಮೇಲೆ ಇಟ್ಟಾಗ ಶಿವದೇವಿ ಟ್ಯಾಬನ್ನೂ ಇಟ್ಟಳು. ವಿದ್ಯೆಯ ವಸ್ತು, ಅದಕ್ಕೂ ಒಂದಿಷ್ಟು ವಿಭೂತಿ, ಕುಂಕುಮ, ಅಕ್ಷತೆ. ಗೋಡೆಗೆ ಒರಗಿಸಿ ಇಡುವಾಗ ಆ ಸಣ್ಣ ಬಾಯಿ ಮೇಲೆ ಬಂದಿತ್ತು. ಅದನ್ನು ಯಾರು ನೋಡಿದ್ದರು?

ನಾಲ್ಕು ದಿನಕ್ಕೆ ಚಾರ್ಜ್ ಹತ್ತುವುದು ನಿಂತಿತು. ಆವತ್ತು ಅವಳು ಗದರಿಸಿರಲಿಲ್ಲ. ಗದರಿಸುವುದು ಅವಳ ಸ್ವಭಾವವಲ್ಲ. ಮೆಲ್ಲಗೆ, ಮಗುವಿಗೆ ತಿಳಿಹೇಳುವಂತೆ, "ಪಾತ್ರಿ ತಿಕ್ಕಿ ಹಸೀ ಕೈಲೆ ಮುಟ್ಟಿದ್ರ ಹಿಂಗ ಆಗತೈತಿ ಯಂಕಮ್ಮ. ಹೋಗ್ಲಿ ಬಿಡು," ಅಂದಿದ್ದಳು. ಯಂಕಮ್ಮ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡು, ಪಗಾರದಲ್ಲಿ ಹಿಡಿದುಕೊಳ್ಳಿ ಎಂದಿದ್ದಳು. ಶಿವದೇವಿ ಬೇಡವೆಂದಳು. ಆ ರಾತ್ರಿ ರಾಯಚೂರಿನ ನಾದಿನಿ ಸ್ನೇಹಲತಾಳಿಗೆ ಫೋನಿನಲ್ಲಿ ಅದನ್ನೆಲ್ಲ ಹೇಳಿ, ಪಾಪ ಬಡವರು, ಒಂದು ಪೈಸೆ ಹಿಡಿಯಲಿಲ್ಲ ನಾನು ಎಂದೂ ಸೇರಿಸಿದ್ದಳು. ನಿನ್ನಂಥವರು ಯಾರಿದ್ದಾರೆ ವೈನಿ ಎಂದು ಸ್ನೇಹಲತಾ ಹೇಳಿದ್ದು ಎರಡು ದಿನ ಕಿವಿಯಲ್ಲಿ ಇಂಪಾಗಿ ಉಳಿದಿತ್ತು.

"ಚಾರ್ಜ್ ಹತ್ತಿತು ನೋಡ್ರಿ," ಎಂದ ಅಂಬಾದಾಸ. ಪರದೆ ಬೆಳಗಿತು. ರಶ್ಮಿ ಬಗ್ಗಿದಳು. ಅವರು ಬಂದದ್ದೇ ಬೀಗದ ಮಾತಿಗೆ. ರಶ್ಮಿ ಇಂಟರ್, ಅಂದರೆ ಪಿಯುಸಿ, ಎರಡನೇ ವರ್ಷ. ಪ್ರವೇಶ ಪರೀಕ್ಷೆಯ ಅಭ್ಯಾಸವೆಲ್ಲ ಒಡೆದ ಗಾಜಿನ ಮೊಬೈಲಿನಲ್ಲಿ. ಪ್ರಶ್ನೆ ಒಂದು ಕಡೆ, ಚಿತ್ರ ಒಂದು ಕಡೆ, ಬೆರಳಿನಲ್ಲಿ ಎಳೆದೆಳೆದು ಓದಿ ಕಣ್ಣಲ್ಲಿ ನೀರು ಬರುತ್ತಿತ್ತು. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ವಿಜಯಕುಮಾರನ ಓವರ್‌ಟೈಮ್ ನಿಂತು ಎಂಟು ತಿಂಗಳಾಗಿತ್ತು. ಹೊಸದರ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಇದರ ಬೀಗ ತೆಗೆಸಿದರೆ ಎಲ್ಲ ತೆರೆಯುತ್ತದೆ ಎಂದು ಗೆಳತಿಯರು ಹೇಳಿದ್ದರು.

ಅಂಬಾದಾಸ ಮುಚ್ಚುಮರೆ ಮಾಡಲಿಲ್ಲ. ಬೀಗ ತೆಗೆಯಲು ಎರಡು ಸಾವಿರ. ತೆಗೆದ ಮೇಲೂ ಇದು ನಿಧಾನದ ಯಂತ್ರವೇ. ಬೀಗ ತೆಗೆಯುವಾಗ ಹತ್ತರಲ್ಲಿ ಮೂರು ಅರ್ಧಕ್ಕೇ ಸತ್ತುಹೋಗುತ್ತವೆ. ಸತ್ತರೆ ತಾನು ಜವಾಬ್ದಾರನಲ್ಲ.

"ಖರೆ ಹೇಳಬೇಕಂದ್ರ ಇದರ ಕಿಮ್ಮತ್ತೇ ಅಷ್ಟಿಲ್ಲಕ್ಕಾ. ಆದ್ರ ಹುಡುಗಿಗೆ ನಡೀತದ. ಒಂದು ಮಾತು, ಒಳಗ ಇದ್ದದ್ದೆಲ್ಲಾ ಅಳಸ್ತದ. ಪಾಠ ಗೀಠ ಏನೂ ಉಳ್ಯಂಗಿಲ್ಲ."

"ಅಳಸ್ಲಿ," ಎಂದಳು ರಶ್ಮಿ. ಪರದೆಯನ್ನು ಮುಟ್ಟಿ ಒಳಗೆ ಹೋದಳು. ಅಕ್ಷರಗಳ ಸಾಲು ತೆರೆದುಕೊಂಡಿತು. ಅ ಇಂದ ಹಿಡಿದು ಥ ವರೆಗೆ ಒಂದೊಂದರ ತಲೆಯ ಮೇಲೂ ಹಳದಿ ಚಿಕ್ಕಿ. ಮುಂದಿನದು ದ. ಅದರ ಮೇಲೆ ಒಂದು ಪುಟ್ಟ ಕೈ, ಇಲ್ಲಿಂದ ತಿದ್ದು ಎಂದು ತೋರಿಸುತ್ತ, ಹಿಂದೆ ಮುಂದೆ ಆಡುತ್ತಿತ್ತು.

ಮಗಳ ಬೆರಳು ನಿಂತಿತು. "ಯಂಕಮ್ಮಕ್ಕಗ ಅಂದಿದ್ದಿ ಅಲಾ ಮಮ್ಮಿ, ಆವತ್ತು," ಎಂದಳು.

ಶಿವದೇವಿಯ ಕೈ ಪರ್ಸಿನ ಮೇಲಿತ್ತು. ಎರಡು ಸಾವಿರ ಅದರ ಒಳಜೇಬಿನಲ್ಲಿತ್ತು. ಮೂರು ತಿಂಗಳು ಹಾಲು, ತರಕಾರಿಯಲ್ಲಿ ಉಳಿಸಿದ್ದು. ತೆಗೆದು ಕೊಟ್ಟರೆ ಮಗಳ ಕಣ್ಣಿಗೆ ಸುಖ. ಚಿಕ್ಕಿಗಳೂ ಹೋಗುತ್ತವೆ, ಜೊತೆಗೆ ಆವತ್ತಿನ ಮಾತೂ ಹೋಗುತ್ತದೆ, ಯಾರೂ ಕೇಳುವುದಿಲ್ಲ. ಆ ಎರಡನೆಯ ಯೋಚನೆ ಬಂದದ್ದೇ ಅವಳ ಕಿವಿ ಬಿಸಿಯಾಯಿತು. ಇಷ್ಟು ಹೊತ್ತು ತಾನು ಮಗಳಿಗಾಗಿ ಲೆಕ್ಕ ಹಾಕುತ್ತಿದ್ದೆನೋ, ಅಥವಾ ಇದಕ್ಕಾಗಿಯೋ?

"ಬ್ಯಾಡ," ಎಂದಳು. "ಚಾರ್ಜಿಂದು ಎಷ್ಟಾತು ಹೇಳ್ರಿ."

ಅವನು ಐವತ್ತು ತೆಗೆದುಕೊಂಡ. ಕಾಗದವನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಲು ಹೋದಾಗ ಅವಳು ಕೈ ಚಾಚಿ ಇಸಿದುಕೊಂಡು, ಕಾಳು ಬೀಳದಂತೆ ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟಳು.

ಬಸ್ಸಿನಲ್ಲಿ ರಶ್ಮಿ ಕಿಟಕಿಯ ಕಡೆ ತಿರುಗಿ ಕೂತಳು. ಎರಡು ನಿಲ್ದಾಣ ಕಳೆದ ಮೇಲೆ ಶಿವದೇವಿ, ಪಪ್ಪನ ಮುಂದೆ ಈ ಅಕ್ಷತೆಯ ವಿಷಯ ಎತ್ತಬೇಡ ಎಂದಳು. ರಶ್ಮಿ ಹೊರಗೆ ನೋಡುತ್ತಲೇ, "ನಾ ಯಾರಿಗೂ ಹೇಳಂಗಿಲ್ಲ. ನೀನ ಹೇಳು, ಹೇಳಬೇಕಾದವರಿಗೆ," ಎಂದಳು. ಆಮೇಲೆ ಮೊಬೈಲ್ ತೆಗೆದು ಮುಖದ ಹತ್ತಿರ ಹಿಡಿದು ಓದಲು ಶುರುಮಾಡಿದಳು. ಗಾಜಿನ ಬಿರುಕು ಅವಳ ಹುಬ್ಬಿನ ನಡುವೆ ಗಂಟಾಗಿ ಕಂಡಿತು.

ಮರುದಿನ ಒಂಬತ್ತಕ್ಕೆ ಯಂಕಮ್ಮ ಬಂದಳು. ಶಿವದೇವಿ ಜೋಳದ ಹಿಟ್ಟು ನಾದುತ್ತ, ಬಾಯಿಗೆ ಬಂದ ಮಾತನ್ನು ಮೂರು ಸಲ ನುಂಗಿದಳು. ಪಾತ್ರೆ ಮುಗಿಯಲಿ, ನೆಲ ಮುಗಿಯಲಿ, ಚಹಾ ಕೊಡುವಾಗ ಹೇಳುತ್ತೇನೆ. ಚಹಾ ಸೋಸಿ ಕಟ್ಟೆಯ ಮೇಲಿಟ್ಟಳು. ಯಂಕಮ್ಮ ಕೈ ತೊಳೆದು, ಸೆರಗಿಗೆ ಅಂಗೈ ಒರೆಸಿ, ಹಿಂಗೈ ಒರೆಸಿ, ಬೆರಳ ಸಂದಿಯನ್ನೂ ಒರೆಸಿ ಲೋಟ ತೆಗೆದುಕೊಂಡಳು. ನಾಲ್ಕು ತಿಂಗಳಿಂದ ಅವಳು ಹಾಗೇ ಮಾಡುತ್ತಿದ್ದಳು. ಲೈಟಿನ ಸ್ವಿಚ್ ಮುಟ್ಟುವಾಗ, ಫ್ರಿಜ್ಜಿನ ಬಾಗಿಲು ತೆರೆಯುವಾಗ, ಬಾಗಿಲ ಚಿಲಕ ಹಾಕುವಾಗಲೂ. ಎಷ್ಟು ಸ್ವಚ್ಛ ಆಗಿದ್ದಾಳೆ ಎಂದು ಶಿವದೇವಿ ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದಳು.

"ಆ ಟ್ಯಾಬ್ ದುರಸ್ತಿ ಆತು," ಎಂದಳು. ಅಷ್ಟೇ ಬಂತು.

"ಚಲೋ ಆತ್ರಿ," ಎಂದು ಯಂಕಮ್ಮ ಚಹಾ ಕುಡಿದಳು. ಲೋಟ ಕೆಳಗಿಟ್ಟು, "ಎಷ್ಟ ತಗೊಂಡ್ರಿ ಅಮ್ಮಾರ? ಈಗರೆ ಪಗಾರದಾಗ ಹಿಡ್ಕೋರಿ. ನನಗೂ ಹಗರ ಆಗತೈತಿ," ಎಂದಳು.

ಶಿವದೇವಿ ಹಿಟ್ಟಿನ ಕೈಯಲ್ಲೇ ಪರ್ಸ್ ತೆಗೆದಳು. ಮಡಿಕೆ ಬಿಚ್ಚಿ ಕಾಗದವನ್ನು ಕಟ್ಟೆಯ ಮೇಲೆ ಹರಡಿದಳು. ಹೇಗೆ ಹೇಳಬೇಕೆಂದು ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ನಿನ್ನ ಕೈಯಿಂದ ಕೆಟ್ಟಿಲ್ಲ ಯಂಕಮ್ಮ. ಇದು ಒಳಗ ಸಿಕ್ಕಿತ್ತು. ಖಂಡೇಪೂಜಿದು. ನಾನ ಹಾಕಿದ್ದು."

ಯಂಕಮ್ಮ ಬಗ್ಗಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರುತ್ತದೆಂದು ಶಿವದೇವಿ ಕಾದಳು, ಬಂದರೆ ಒಳ್ಳೆಯದಿತ್ತು. ಯಂಕಮ್ಮ ಕಾಗದದ ಎರಡು ಅಂಚು ಹಿಡಿದು ಮೆಲ್ಲಗೆ ಎತ್ತಿದಳು.

"ಅಕ್ಷತಿ ಅಲ್ಲೇನ್ರಿ. ಇಲ್ಲಿ ಇಡಬಾರದು, ಎಂಜಲು ಮುಸುರಿ ಇರೋ ಜಾಗ," ಎಂದು ಬಾಲ್ಕನಿಗೆ ಹೋಗಿ ತುಳಸಿಯ ಕುಂಡದಲ್ಲಿ ಕಾಳನ್ನು ಹಾಕಿ ಬಂದಳು. ಬಂದು ಲೋಟ ತೊಳೆಯುತ್ತ, ನಲ್ಲಿಯ ಸದ್ದಿನಲ್ಲಿ ಅರ್ಧ ಕೇಳುವಂತೆ, "ನಾನೂ ಹಂಗ ತಿಳಕೊಂಡಿದ್ದೆರಿ. ನನ್ನ ಕೈಲೆ ಕೆಡ್ತು ಅಂತ ಮನ್ಯಾಗ ನಾನ ಹೇಳಿದ್ದೆ. ಆವಾಗಿಂದ ಹುಸೇನಪ್ಪ ತನ್ನ ಫೋನ್ ಮುಟ್ಟಗೊಡಂಗಿಲ್ಲ. ಊರಿಗೆ ಮಾತಾಡೋದಿದ್ರ ತಾನ ಹಿಡಕೊಂಡು ನನ್ನ ಕಿವಿಗೆ ಇಡತಾನ," ಎಂದಳು. ಸಣ್ಣದಾಗಿ ನಕ್ಕಳು ಕೂಡ.

ತಪ್ಪಾಯಿತು ಎನ್ನಲು ಶಿವದೇವಿ ಬಾಯಿ ತೆರೆದಳು. ಆ ಮಾತು ಹೇಳಿದರೆ ಯಂಕಮ್ಮ, ಹೋಗ್ಲಿ ಬಿಡ್ರಿ ಎನ್ನುತ್ತಾಳೆ. ತಾನು ಆವತ್ತು ಅಂದಂತೆಯೇ. ಹೇಳದೆ ಇರಲೂ ಆಗಲಿಲ್ಲ.

"ತಪ್ಪು ನನ್ನದು," ಎಂದಳು. "ನಾ ನಿನಗ ಅನ್ನಬಾರದಿತ್ತು. ಹುಸೇನಪ್ಪಗೂ ಹೇಳತೀನಿ ನಾ."

ಯಂಕಮ್ಮ ತೊಳೆದ ಲೋಟವನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು. ಒಳಕೋಣೆಯಿಂದ ರಶ್ಮಿ ಟ್ಯಾಬ್ ಹಿಡಿದುಕೊಂಡು ಬಂದಳು. ನಿನ್ನೆಯ ಮುನಿಸು ಮುಖದಲ್ಲಿ ಇನ್ನೂ ಇತ್ತು. ತಾಯಿಯ ಕಡೆ ನೋಡದೆ ಬಾಗಿಲ ಬಳಿ ಮಣೆ ಹಾಕಿ, ಟ್ಯಾಬನ್ನು ಅದರ ಮುಂದೆ ಇಟ್ಟು, ಮೊಬೈಲ್ ತೆಗೆದುಕೊಂಡು ಕಾಲೇಜಿಗೆ ಹೊರಟುಹೋದಳು.

ಯಂಕಮ್ಮ ಮಣೆಯ ಮೇಲೆ ಕೂತಳು. ಪರದೆಯಲ್ಲಿ ದ ಅಕ್ಷರದ ಮೇಲೆ ಆ ಪುಟ್ಟ ಕೈ ಹಿಂದೆ ಮುಂದೆ ಆಡುತ್ತಿತ್ತು. ಅವಳು ಬೆರಳು ಮುಂದೆ ಚಾಚಿದಳು. ಹಿಂದಕ್ಕೆಳೆದು ಸೆರಗಿಗೆ ಒರೆಸಿದಳು. ಮತ್ತೆ ಚಾಚಿ, ಗಾಜಿಗೆ ಒಂದು ಗೇಣು ಉಳಿದಾಗ ನಿಲ್ಲಿಸಿ, ಬೆಳಕಿಗೆ ತಿರುಗಿಸಿ ನೋಡಿ, ಇನ್ನೊಮ್ಮೆ ಒರೆಸಿದಳು. ಬೆರಳು ಯಾವಾಗಲೋ ಒಣಗಿತ್ತು. ಶಿವದೇವಿ ಒಲೆಯ ಮೇಲೆ ಹಂಚು ಇಟ್ಟು, ರೊಟ್ಟಿ ಬಡಿಯದೆ, ಗಂಟೆಯ ಸದ್ದಿಗೆ ಕಿವಿಗೊಟ್ಟು ನಿಂತಳು. ಹಂಚು ಕಾದು ಹೊಗೆಯಾಡತೊಡಗಿತು. ಯಂಕಮ್ಮ ಇನ್ನೂ ಒರೆಸಿಕೊಳ್ಳುತ್ತಿದ್ದಳು.