ಅಲುಗದ ಗರಿ

ಮೂರು ವರ್ಷ ನನ್ನ ಸೊಸೆ ನೆವಿನ್ ತನ್ನ ಮಾವನೆದುರು ತುಟಿ ಬಿಚ್ಚಿರಲಿಲ್ಲ. ಅಬ್ಖಾಜರಾದ ನಮ್ಮಲ್ಲಿ ಅದೇ ಪದ್ಧತಿ. ಮಾವನೇ ನೆಂಟರನ್ನು ಕರೆದು, ಉಡುಗೊರೆ ಕೊಟ್ಟು, ಮಾತಾಡು ಎನ್ನಬೇಕು. ನಾನೂ ಒಂದು ವರ್ಷ ಹಾಗೇ ಇದ್ದವಳು. ಆದರೆ ನಮ್ಮ ಯಜಮಾನರು ಮೂರು ವರ್ಷವಾದರೂ ಆ ವಿಷಯ ಎತ್ತಲಿಲ್ಲ.

ಅವರ ತಲೆ ಕೆಡಿಸಿದವನು ಪಟ್ಟಣ ಸೇರಿದ ನನ್ನ ಮೈದುನ ಅಸ್ತಾನ್. ಬಂದಾಗಲೆಲ್ಲ ಅದೇ ರಾಗ. "ಇಸ್ತಾಂಬುಲ್‌ನಲ್ಲಿ ಹುಟ್ಟಿದ ಹುಡುಗಿ, ಅಣ್ಣ. ನಮ್ಮ ಭಾಷೇಲಿ ಅರವತ್ತಕ್ಕೂ ಮೇಲೆ ವ್ಯಂಜನ. ಆ ನಾಲಿಗೆ ಎಲ್ಲಿ ಹೊರಳುತ್ತೆ? ನೆಂಟರ ಮುಂದೆ ನಿನ್ ಮಾನ ಹೋಗುತ್ತೆ ಅಷ್ಟೆ."

ಯಜಮಾನರು ನಂಬಿದರು. ಅಡುಗೆಮನೆಯಲ್ಲಿ ನೆವಿನ್ ಕಣ್ಣೊರೆಸಿಕೊಂಡಳು. "ಅತ್ತೆ, ಈ ಮನೇಲಿ ನಾನು ಹೀಗೇ ಮೂಗಿಯಾಗಿ ಇರ್ಬೇಕಾ?"

ನನಗೆ ರೇಗಿತು. ಕೋಳಿಗರಿಯೊಂದನ್ನು ದಾರದಲ್ಲಿ ತೊಲೆಗೆ ಕಟ್ಟಿ, ಅವಳ ತುಟಿಯ ಮುಂದೆ ತೂಗುಬಿಟ್ಟೆ. "ನಮ್ಮ ಅಕ್ಷರ ಹೇಳುವಾಗ ಉಸಿರು ಗಂಟಲಲ್ಲೇ ಹಿಡಿ. ಸದ್ದು ಪಟ್ ಅಂತ ಸಿಡೀಬೇಕು, ಗರಿ ಅಲುಗಬಾರದು."

ಗರಿ ಹಾರಾಡಿದ್ದೇ ಹಾರಾಡಿದ್ದು. ಮೆಕ್ಕೆಜೋಳದ ಮುದ್ದೆ ತಿರುವುತ್ತ ಆ ಅಕ್ಷರಗಳನ್ನೇ ಅಂದಳು, ಮೊಸರು ಕಡೆಯುತ್ತ ಅಂದಳು. ಈ ಊರಿನ ಶಿಳ್ಳೆ ಬೆರೆತ ಸದ್ದುಗಳು ಬೇರೆ ಕಣಿವೆಯಿಂದ ಬಂದ ನನಗೇ ಇನ್ನೂ ಒಲಿದಿಲ್ಲ. ಅವನ್ನು ಅವಳು ಕಿಟಕಿಯ ಮರೆಯಲ್ಲಿ ನಿಂತು, ಮಾವ ಎಮ್ಮೆಗಳಿಗೆ ಬೈಯುವಾಗ ಕದ್ದು ಕಲಿತಳು. ನಮ್ಮವರು ದಿನವೂ ಚೆನ್ನಾಗಿ ಬೈಯುತ್ತಾರೆ, ಪಾಠಕ್ಕೆ ಕೊರತೆಯಿರಲಿಲ್ಲ.

ಗರಿ ನಿಶ್ಚಲವಾಗಿ ನಿಂತ ದಿನ ಯಜಮಾನರಿಗೆ ಹೇಳಿದೆ. "ಈ ಭಾನುವಾರ ನೆಂಟರನ್ನ ಕರೀರಿ. ಇಲ್ಲಾಂದ್ರೆ ನಾನೂ ಮಾತು ಬಿಡ್ತೀನಿ."

ಕರೆದರು. ಎಲ್ಲರ ಮುಂದೆ ತಮ್ಮ ತಾಯಿಯ ಬೆಳ್ಳಿ ಡಾಬನ್ನು ಅವಳ ಕೈಗಿಟ್ಟು, "ಮಾತಾಡಮ್ಮ" ಎಂದರು. ಅಸ್ತಾನ್ ಮೀಸೆಯಡಿಯಲ್ಲಿ ನಗುತ್ತಿದ್ದ.

ನೆವಿನ್ ತಲೆಯೆತ್ತಿದಳು. "ಮಾವ, ಮೂರು ವರ್ಷ ನಿಮ್ಮ ಮಾತು ನಾನು ಕೇಳಿದೀನಿ. ಇನ್ಮೇಲೆ ನನ್ನ ಮಾತು ನೀವು ಕೇಳ್ಬೇಕು."

ಸಿಡಿಯಬೇಕಾದದ್ದು ಜೋಳದ ಅರಳಿನಂತೆ ಸಿಡಿಯಿತು, ಶಿಳ್ಳೆಯಾಗಬೇಕಾದದ್ದು ಶಿಳ್ಳೆಯಾಯಿತು. ನನ್ನ ಎದೆ ಉಬ್ಬಿಹೋಯಿತು.

ಯಜಮಾನರ ಕಣ್ಣು ತುಂಬಿತು. "ಇನ್ನೊಂದ್ಸಲ ಹೇಳಮ್ಮ. ನಮ್ಮಮ್ಮ ಹೋದ್ಮೇಲೆ ಈ ಮನೇಲಿ ಹೆಂಗಸರ ಬಾಯಲ್ಲಿ ಈ ಶಿಳ್ಳೆನ ಕೇಳೇ ಇರ್ಲಿಲ್ಲ." ಆಮೇಲೆ ತಮ್ಮನತ್ತ ತಿರುಗಿದರು. "ಅಸ್ತಾನ್, ಪಟ್ಟಣ ಸೇರಿದ್ಮೇಲೆ ಆ ಶಿಳ್ಳೆ ನಿನ್ ಬಾಯಲ್ಲೇ ಇಲ್ವಲ್ಲೋ! ನಾಳೆಯಿಂದ ಸೊಸೆ ಹತ್ರ ಕಲಿ."

ಸೊಸೆಗೆ ಶುಭ ಕೋರಿ, ವೈನ್ ಲೋಟ ಎತ್ತಿ ಹಿಡಿದು ನೆಂಟರೆಲ್ಲ ಎದ್ದು ನಿಂತರು.

ಊಟವಾದ ಮೇಲೆ, ಸೊಂಟದಲ್ಲಿ ಡಾಬು ಹೊಳೆಯುತ್ತಿದ್ದ ನೆವಿನ್ ಕೇಳಿದಳು, "ಅತ್ತೆ, ಗರಿ ಬಿಚ್ಚಲಾ?"

"ಇರ್ಲಿ ಬಿಡೇ," ಎಂದೆ. "ನಾಳೆ ನಿನ್ನ ಚಿಕ್ಕಮಾವ ಪಾಠಕ್ಕೆ ಬರ್ತಾರೆ."